ರಾಸ್ ಪ್ರೋಟೀನ್: ಸಮಯಕ್ಕೆ ಆಫ್ ಆಗದಿದ್ದರೆ ಏನಾಗುತ್ತದೆ?

ಶ್ವಾಸಕೋಶ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಇರುವವರ ಲ್ಯಾಬ್ ರಿಪೋರ್ಟಿನಲ್ಲಿ ಈಗೀಗ ‘ಕೆ-ರಾಸ್’ ಎಂಬ ಹೆಸರು ಕಾಣಿಸುತ್ತದೆ. ಪಕ್ಕದಲ್ಲಿ ‘ಜಿ12ಸಿ’, ‘ಜಿ12ಡಿ’ ಎಂಬಂಥ ಗುರುತು ಇರುತ್ತದೆ. ಕೆಲವರಿಗೆ ‘ವೈಲ್ಡ್ ಟೈಪ್’ ಅಂತ ಬರೆದಿರುತ್ತದೆ. ಯಾವ ಔಷಧಿ ಕೊಡಬೇಕು, ಯಾವುದನ್ನು ಕೊಟ್ಟು ಪ್ರಯೋಜನವಿಲ್ಲ ಅನ್ನುವುದು ಎಷ್ಟೋ ಸಲ ಈ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಅದನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಡಾಕ್ಟರಿಗೆ ಇರುವುದು ಅಪರೂಪ.

ರಾಸ್ ಅನ್ನುವುದು ನಮ್ಮ ಜೀವಕೋಶಗಳಲ್ಲಿರುವ ಒಂದು ಪುಟ್ಟ ಪ್ರೋಟೀನ್. ಅದರಲ್ಲಿರುವುದು 188 ಅಥವಾ 189 ಅಮೈನೋ ಆಮ್ಲಗಳು, ಅಷ್ಟೆ. ಎಚ್-ರಾಸ್, ಕೆ-ರಾಸ್, ಎನ್-ರಾಸ್ ಅಂತ ಮೂರು ಜೀನ್‌ಗಳಿಂದ ಇದು ತಯಾರಾಗುತ್ತದೆ. ‘ಬೆಳೆ’, ‘ಎರಡಾಗು’ ಎಂದು ಹೊರಗಿನಿಂದ ಬಂದ ಸಂದೇಶವನ್ನು ಕೋಶದ ಒಳಗೆ ದಾಟಿಸುವುದು ಅದರ ಮುಖ್ಯ ಕೆಲಸ. ರಾಸ್ ಕೆಟ್ಟರೆ ಕ್ಯಾನ್ಸರ್ ಬರಬಹುದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ನಿಜವೇ. ಆದರೆ ‘ಕೆಡುವುದು’ ಅಂದರೆ ಏನು ಅಂತ ಕೇಳಿದಾಗ ವಿಷಯ ಕುತೂಹಲಕಾರಿಯಾಗುತ್ತದೆ. ಕ್ಯಾನ್ಸರ್ ಕೋಶದ ರಾಸ್‌ಗೆ ಹೊಸದಾಗಿ ಯಾವ ಶಕ್ತಿಯೂ ಬಂದಿರುವುದಿಲ್ಲ. ಇದ್ದ ಒಂದು ಸಾಮರ್ಥ್ಯವನ್ನು ಅದು ಕಳೆದುಕೊಂಡಿರುತ್ತದೆ, ಸಮಯಕ್ಕೆ ಆಫ್ ಆಗುವ ಸಾಮರ್ಥ್ಯವನ್ನು. ಇದೊಂದು ಗೊತ್ತಾದರೆ, ಅದಕ್ಕೆ ಮದ್ದು ಹುಡುಕಲು ಸುಮಾರು 40 ವರ್ಷ ಯಾಕೆ ಬೇಕಾಯಿತು ಅನ್ನುವುದೂ ಅರ್ಥವಾಗುತ್ತದೆ.

ಆನ್ ಆಗುವುದು, ಆಫ್ ಆಗುವುದು

ಕೋಶಗಳು ಮನಸ್ಸಿಗೆ ಬಂದಾಗ ಎರಡಾಗುವುದಿಲ್ಲ. ಉದಾಹರಣೆಗೆ ಗಾಯವಾದಾಗ ಸುತ್ತಲಿನ ಕೋಶಗಳಿಂದ ಇಜಿಎಫ್‌ನಂಥ ಬೆಳವಣಿಗೆ ಅಂಶಗಳು ಹೊರಬರುತ್ತವೆ. ಅವು ಪಕ್ಕದ ಕೋಶದ ಪೊರೆಯಲ್ಲಿರುವ ರಿಸೆಪ್ಟರಿಗೆ ಅಂಟಿಕೊಳ್ಳುತ್ತವೆ. ಆಗ ರಿಸೆಪ್ಟರ್‌ಗಳು ಎರಡೆರಡಾಗಿ ಜೋಡಿಯಾಗಿ, ಪೊರೆಯ ಒಳಗಡೆ ಇರುವ ತಮ್ಮ ಬಾಲಗಳಿಗೆ ಪರಸ್ಪರ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಆ ಗುರುತು ಹಿಡಿದು ಗ್ರಬ್2 ಎಂಬ ಪ್ರೋಟೀನ್ ಬಂದು ಕೂರುತ್ತದೆ. ಅದರ ಜೊತೆ ಎಸ್‌ಒಎಸ್ ಎಂಬ ಇನ್ನೊಂದು ಪ್ರೋಟೀನೂ ಬರುತ್ತದೆ. ರಾಸ್ ಅಲ್ಲೇ ಹತ್ತಿರದಲ್ಲಿ, ಒಂದು ಕೊಬ್ಬಿನ ಬಾಲದಿಂದ ಪೊರೆಯ ಒಳಮೈಯನ್ನು ಕಚ್ಚಿಕೊಂಡು ಇರುತ್ತದೆ.

ಸುಮ್ಮನಿರುವ ರಾಸ್ ತನ್ನೊಳಗೆ ಜಿಡಿಪಿ ಎಂಬ ಸಣ್ಣ ಅಣುವನ್ನು ಹಿಡಿದುಕೊಂಡಿರುತ್ತದೆ. ಪೇಪರಿನಲ್ಲಿ ಬರುವ ದೇಶದ ಜಿಡಿಪಿ ಅಲ್ಲ, ಇದು ಗ್ವಾನೋಸಿನ್ ಡೈಫಾಸ್ಫೇಟ್. ಎಸ್‌ಒಎಸ್ ಬಂದು ಆ ಹಿಡಿತವನ್ನು ಸಡಿಲಿಸಿದಾಗ ಜಿಡಿಪಿ ಜಾರಿ ಹೋಗುತ್ತದೆ. ಕೋಶದಲ್ಲಿ ಜಿಡಿಪಿಗಿಂತ ಜಿಟಿಪಿ, ಅಂದರೆ ಗ್ವಾನೋಸಿನ್ ಟ್ರೈಫಾಸ್ಫೇಟ್, ಸುಮಾರು ಹತ್ತು ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿ ಖಾಲಿ ಜಾಗಕ್ಕೆ ಬಂದು ಕೂರುವುದು ಹೆಚ್ಚಾಗಿ ಜಿಟಿಪಿಯೇ. ಈ ಎರಡು ಅಣುಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು ಫಾಸ್ಫೇಟ್. ಅಷ್ಟರಿಂದಲೇ ರಾಸ್‌ನ ಎರಡು ಭಾಗಗಳ ಆಕಾರ ಬದಲಾಗಿಬಿಡುತ್ತದೆ. ವಿಜ್ಞಾನಿಗಳು ಆ ಭಾಗಗಳಿಗೆ ಸ್ವಿಚ್ 1, ಸ್ವಿಚ್ 2 ಅಂತಲೇ ಹೆಸರಿಟ್ಟಿದ್ದಾರೆ.

ಈಗ ರಾಸ್ ಆನ್ ಆಯಿತು. ಅದು ರಾಫ್ ಎಂಬ ಪ್ರೋಟೀನನ್ನು ಪೊರೆಯ ಬಳಿಗೆ ಎಳೆದುಕೊಂಡು ಎಬ್ಬಿಸುತ್ತದೆ. ರಾಫ್‌ನಿಂದ ಮೆಕ್, ಮೆಕ್‌ನಿಂದ ಎರ್ಕ್ ಏಳುತ್ತವೆ. ಎರ್ಕ್ ಕೋಶಕೇಂದ್ರದ ಒಳಗೆ ಹೋಗಿ ಬೆಳವಣಿಗೆಗೆ ಬೇಕಾದ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಪಿಐ3ಕೆ ಎಂಬ ಇನ್ನೊಂದು ದಾರಿಗೂ ರಾಸ್‌ನಿಂದ ಕವಲಿದೆ. ಇಷ್ಟೂ ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ರಾಫ್, ಮೆಕ್ ಮಾತ್ರ ಮುಂದೆ ಮತ್ತೆ ಬರುತ್ತವೆ.

ಇನ್ನು ಆಫ್ ಆಗುವ ಕಡೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರಾಸ್ ತನ್ನಲ್ಲಿರುವ ಜಿಟಿಪಿಯ ಕೊನೆಯ ಫಾಸ್ಫೇಟನ್ನು ತಾನೇ ಕತ್ತರಿಸಬಲ್ಲದು. ಕತ್ತರಿಸಿದ ಮೇಲೆ ಉಳಿಯುವುದು ಜಿಡಿಪಿ, ಅಂದರೆ ಆಫ್. ಆದರೆ ಒಂಟಿಯಾಗಿ ಬಿಟ್ಟರೆ ಈ ಕೆಲಸಕ್ಕೆ ಹತ್ತಾರು ನಿಮಿಷ ಹಿಡಿಯುತ್ತದೆ. ಕೋಶಕ್ಕೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ. ಅದಕ್ಕೇ ಗ್ಯಾಪ್ ಎಂಬ ಸಹಾಯಕ ಪ್ರೋಟೀನ್‌ಗಳಿವೆ. ಇವು ಮೊದಲು ಗೊತ್ತಾಗಿದ್ದು 1987ರಲ್ಲಿ. ಗ್ಯಾಪ್ ಪ್ರೋಟೀನ್ ತನ್ನ ಒಂದು ಆರ್ಜಿನೀನನ್ನು ರಾಸ್ ಒಳಗೆ, ಜಿಟಿಪಿ ಇರುವ ಜಾಗಕ್ಕೇ ತೂರಿಸುತ್ತದೆ. ಆಗ ಕತ್ತರಿಸುವ ವೇಗ ಸುಮಾರು ಒಂದು ಲಕ್ಷ ಪಟ್ಟು ಜಾಸ್ತಿಯಾಗುತ್ತದೆ.

ಆ ಆರ್ಜಿನೀನ್ ತೂರಲು ಜಾಗ ಬೇಕಲ್ವಾ? ಆ ಜಾಗದ ಅಂಚಿನಲ್ಲೇ ರಾಸ್‌ನ 12ನೇ ಅಮೈನೋ ಆಮ್ಲ ಇರುವುದು. ಅದು ಗ್ಲೈಸಿನ್. 20 ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಸಣ್ಣದು ಇದೇ. ಪಕ್ಕಕ್ಕೆ ಚಾಚಿರುವುದು ಬರೀ ಒಂದು ಹೈಡ್ರೋಜನ್. ಅದರ ಬದಲು ಬೇರೆ ಯಾವುದು ಬಂದರೂ ಬಹುತೇಕ ಜಾಗ ಮುಚ್ಚಿಹೋಗುತ್ತದೆ. ಗ್ಯಾಪ್ ಬಂದರೂ ಏನೂ ಮಾಡಲಾಗದೆ ಹೋಗುತ್ತದೆ. ರಾಸ್ ಆನ್ ಆಗಿಯೇ ಉಳಿಯುತ್ತದೆ. ರಿಪೋರ್ಟಿನ ಗುರುತು ಹೇಳುವುದು ಇದನ್ನೇ. ‘ಜಿ12ಸಿ’ ಅಂದರೆ 12ನೇ ಜಾಗದ ಗ್ಲೈಸಿನ್ ಹೋಗಿ ಸಿಸ್ಟೀನ್ ಬಂದಿದೆ. ‘ಜಿ12ಡಿ’ ಅಂದರೆ ಆಸ್ಪಾರ್ಟಿಕ್ ಆಮ್ಲ, ‘ಜಿ12ವಿ’ ಅಂದರೆ ವ್ಯಾಲಿನ್. ‘ವೈಲ್ಡ್ ಟೈಪ್’ ಅಂದರೆ ಬದಲಾವಣೆ ಏನೂ ಇಲ್ಲ. 13 ಮತ್ತು 61ನೇ ಜಾಗಗಳಲ್ಲೂ ಇಂಥ ಬದಲಾವಣೆ ಆಗುತ್ತದೆ. ಕ್ಯಾನ್ಸರಿನಲ್ಲಿ ಕಾಣುವ ರಾಸ್ ರೂಪಾಂತರಗಳಲ್ಲಿ ಬಹುಪಾಲು ಈ ಮೂರು ಜಾಗಗಳವೇ.

ಎಷ್ಟು ಹೊತ್ತು ಅನ್ನುವುದೇ ಸಂದೇಶ

ಆನ್ ಅಂದರೆ ಬೆಳೆ, ಆಫ್ ಅಂದರೆ ನಿಲ್ಲು, ಇಷ್ಟೇ ಅಂತ ಮೇಲಿನದನ್ನು ಓದಿದವರಿಗೆ ಅನ್ನಿಸಬಹುದು. ವಿಷಯ ಅದಕ್ಕಿಂತ ಸೂಕ್ಷ್ಮವಾಗಿದೆ. ಪಿಸಿ12 ಅಂತ ಇಲಿಯ ಅಡ್ರಿನಲ್ ಗಡ್ಡೆಯಿಂದ ಬೆಳೆಸಿದ ಕೋಶಗಳಿವೆ. ಇವಕ್ಕೆ ಇಜಿಎಫ್ ಕೊಟ್ಟರೆ ರಾಸ್ ದಾರಿಯ ಚಟುವಟಿಕೆ ಒಮ್ಮೆ ಏರಿ ಬೇಗ ಇಳಿಯುತ್ತದೆ, ಕೋಶಗಳು ಎರಡಾಗುತ್ತವೆ. ಎನ್‌ಜಿಎಫ್ ಎಂಬ ಇನ್ನೊಂದು ಅಂಶ ಕೊಟ್ಟರೆ ಅದೇ ಚಟುವಟಿಕೆ ಗಂಟೆಗಟ್ಟಲೆ ಉಳಿಯುತ್ತದೆ. ಆಗ ಕೋಶಗಳು ಎರಡಾಗುವುದನ್ನು ನಿಲ್ಲಿಸಿ, ಎಳೆಗಳನ್ನು ಚಾಚಿ ನರಕೋಶಗಳಂತಾಗುತ್ತವೆ. ದಾರಿ ಒಂದೇ, ಅದರಲ್ಲಿರುವ ಪ್ರೋಟೀನ್‌ಗಳೂ ಅವೇ. ಎಷ್ಟು ಹೊತ್ತು ಅನ್ನುವುದು ಮಾತ್ರ ಬೇರೆ. ಬ್ರಿಟನ್ನಿನ ಕ್ರಿಸ್ ಮಾರ್ಷಲ್ 1995ರಲ್ಲಿ ಇದನ್ನು ಸ್ಪಷ್ಟವಾಗಿ ಮುಂದಿಟ್ಟರು. ನನ್ನ ಮಟ್ಟಿಗೆ ರಾಸ್ ಬಗ್ಗೆ ಗೊತ್ತಾದ ಸಂಗತಿಗಳಲ್ಲಿ ತುಂಬ ಸೊಗಸಾದದ್ದು ಇದೇ. ಆಫ್ ಆಗುವ ವ್ಯವಸ್ಥೆ ಇರುವುದು ಬರೀ ಅಪಾಯ ತಪ್ಪಿಸಲಿಕ್ಕಲ್ಲ. ಅದು ಇಲ್ಲದಿದ್ದರೆ ಸಂದೇಶಕ್ಕೆ ಅರ್ಥವೇ ಇರುವುದಿಲ್ಲ.

ಇನ್ನೊಂದು ಮಾತು. ರಾಸ್ ಅನ್ನು ‘ಕ್ಯಾನ್ಸರ್ ಜೀನ್’ ಅಂತ ಕರೆದು ಸುಮ್ಮನಾಗುವವರಿದ್ದಾರೆ. ಕೆ-ರಾಸ್ ಜೀನ್ ತೆಗೆದುಹಾಕಿದ ಇಲಿಗಳು ಭ್ರೂಣದಲ್ಲೇ ಸಾಯುತ್ತವೆ. ನಾವು ಹುಟ್ಟಿ ಬೆಳೆದಿರುವುದರಲ್ಲಿ ಅದರ ಪಾಲೂ ಇದೆ.

ಕ್ಯಾನ್ಸರಿನ ದಾರಿ

ಕಥೆ ಶುರುವಾಗುವುದು ಇಲಿಗಳಿಂದ. 1964ರಲ್ಲಿ ಲಂಡನ್ನಿನಲ್ಲಿ ಜೆನಿಫರ್ ಹಾರ್ವೆ, 1967ರಲ್ಲಿ ಶಿಕಾಗೊದಲ್ಲಿ ವರ್ನರ್ ಕರ್ಸ್ಟನ್, ಇಲಿಗಳಲ್ಲಿ ಸಾರ್ಕೋಮಾ ಎಂಬ ಗಡ್ಡೆ ಬರಿಸುವ ವೈರಸ್‌ಗಳನ್ನು ಕಂಡರು. ಎಚ್-ರಾಸ್, ಕೆ-ರಾಸ್‌ಗಳ ಮೊದಲ ಅಕ್ಷರ ಇವರಿಬ್ಬರದೇ. ಆ ವೈರಸ್‌ಗಳು ಇಲಿಯ ಜೀನನ್ನೇ ಎತ್ತಿಕೊಂಡು ಹೋಗಿದ್ದವು ಅಂತ ಆಮೇಲೆ ಗೊತ್ತಾಯಿತು.

ಮನುಷ್ಯರ ವಿಷಯಕ್ಕೆ ದೊಡ್ಡ ತಿರುವು ಸಿಕ್ಕಿದ್ದು 1982ರಲ್ಲಿ. ರಾಬರ್ಟ್ ವೈನ್‌ಬರ್ಗ್, ಮರಿಯಾನೊ ಬರ್ಬಸಿಡ್, ಮೈಕೆಲ್ ವಿಗ್ಲರ್, ಈ ಮೂವರ ಲ್ಯಾಬ್‌ಗಳು ಅಮೆರಿಕದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಒಂದೇ ಉತ್ತರಕ್ಕೆ ಬಂದವು. ಅವರು ನೋಡುತ್ತಿದ್ದದ್ದು ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳನ್ನು. ಸಾವಿರಾರು ಡಿಎನ್‌ಎ ಅಕ್ಷರಗಳ ಎಚ್-ರಾಸ್ ಜೀನಿನಲ್ಲಿ ‘ಜಿ’ ಇರಬೇಕಾದ ಒಂದು ಕಡೆ ‘ಟಿ’ ಇತ್ತು. ಅದರಿಂದ 12ನೇ ಗ್ಲೈಸಿನ್ ಬದಲು ವ್ಯಾಲಿನ್ ಬಂದಿತ್ತು. ಮನುಷ್ಯರ ಕ್ಯಾನ್ಸರಿಗೆ ಕಾರಣವಾಗುವ ಇಷ್ಟು ಸಣ್ಣ ಬದಲಾವಣೆ ಸಿಕ್ಕಿದ್ದು ಅದೇ ಮೊದಲು.

ಈಗ ಗೊತ್ತಿರುವ ಲೆಕ್ಕ ಇದು. ಮೇದೋಜ್ಜೀರಕ ಗ್ರಂಥಿಯ ನಾಳದಿಂದ ಬರುವ ಕ್ಯಾನ್ಸರುಗಳಲ್ಲಿ ಸುಮಾರು 90%ರಲ್ಲಿ ಕೆ-ರಾಸ್ ಬದಲಾಗಿರುತ್ತದೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲಿ ಸುಮಾರು 40%. ಶ್ವಾಸಕೋಶದ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರಿನಲ್ಲಿ ಪಾಶ್ಚಾತ್ಯ ದೇಶಗಳ ರೋಗಿಗಳಿಗೆ ಸುಮಾರು 30%, ಪೂರ್ವ ಏಷ್ಯಾದವರಲ್ಲಿ ಅದಕ್ಕಿಂತ ಕಡಿಮೆ. ಶ್ವಾಸಕೋಶದಲ್ಲಿ ಜಿ12ಸಿ ಜಾಸ್ತಿ ಕಾಣಿಸುವುದು ಸಿಗರೇಟು ಸೇದಿದವರಲ್ಲಿ. ತಂಬಾಕಿನ ಹೊಗೆ ಡಿಎನ್‌ಎಯಲ್ಲಿ ‘ಜಿ’ಯನ್ನು ‘ಟಿ’ ಮಾಡುವುದು ಹೆಚ್ಚು. ಜಿ12ಸಿ ಆಗಲು ಬೇಕಾದದ್ದು ಅದೇ ಬದಲಾವಣೆ.

ಹಾಗಂತ ರಾಸ್ ಬದಲಾದ ತಕ್ಷಣ ಕ್ಯಾನ್ಸರ್ ಬಂದುಬಿಡುವುದಿಲ್ಲ. 1997ರಲ್ಲಿ ಮಾಡಿದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಕೋಶಗಳಿಗೆ ಬದಲಾದ ಎಚ್-ರಾಸ್ ಹಾಕಿದರು. ಕೋಶಗಳು ಹುಚ್ಚಾಪಟ್ಟೆ ಬೆಳೆಯಬೇಕಿತ್ತು. ಆದರೆ ಅವು ಬೆಳೆಯುವುದನ್ನೇ ಕಾಯಂ ನಿಲ್ಲಿಸಿಬಿಟ್ಟವು. ಇಷ್ಟು ಹೊತ್ತು ಆನ್ ಇರುವುದು ಸಹಜವಲ್ಲ ಅಂತ ಕೋಶಕ್ಕೆ ಗೊತ್ತಾಗುತ್ತದೆ, ಅದು ಬ್ರೇಕ್ ಹಾಕುತ್ತದೆ. ಚರ್ಮದ ಮೇಲಿನ ಸಾಮಾನ್ಯ ಮಚ್ಚೆಗಳು ಇದಕ್ಕೆ ಕಣ್ಣೆದುರಿನ ಸಾಕ್ಷಿ. ಅವುಗಳಲ್ಲಿ ಬಹಳಷ್ಟು ಇದೇ ದಾರಿಯ ಬಿ-ರಾಫ್ ಬದಲಾಗಿರುವಂಥವು. ಸ್ವಲ್ಪ ಬೆಳೆದು ಅಲ್ಲಿಗೇ ನಿಲ್ಲುತ್ತವೆ, ದಶಕಗಟ್ಟಲೆ ಹಾಗೇ ಇರುತ್ತವೆ. ಗಡ್ಡೆ ನಿಜವಾಗಿ ಅಪಾಯಕಾರಿಯಾಗಬೇಕಾದರೆ ಪಿ53ಯಂಥ ಬ್ರೇಕುಗಳೂ ಹೋಗಬೇಕು. ಮೇದೋಜ್ಜೀರಕ ಗ್ರಂಥಿಯಲ್ಲಿ ಕೆ-ರಾಸ್ ಬದಲಾವಣೆ ತೀರಾ ಮೊದಲ ಹಂತದಲ್ಲೇ ಆಗಿರುತ್ತದೆ. ಉಳಿದವು ಒಂದೊಂದಾಗಿ ಕೈಕೊಡಲು ಎಷ್ಟೋ ವರ್ಷ ಹಿಡಿಯುತ್ತದೆ.

ಸ್ವಲ್ಪವೇ ಜಾಸ್ತಿಯಾದಾಗ

ಕ್ಯಾನ್ಸರಿನ ರೂಪಾಂತರ ದೇಹದ ಯಾವುದೋ ಒಂದು ಕೋಶದಲ್ಲಿ ಆಗುವಂಥದ್ದು. ಹುಟ್ಟುವಾಗಲೇ ಎಲ್ಲ ಕೋಶಗಳಲ್ಲೂ ರಾಸ್ ದಾರಿ ಕೊಂಚ ಜಾಸ್ತಿ ಆನ್ ಇದ್ದರೆ? ಅಂಥ ಕಾಯಿಲೆಗಳ ಗುಂಪಿಗೆ ರಾಸೋಪತಿ ಅಂತ ಹೆಸರು. ಇವುಗಳಲ್ಲಿ ಬದಲಾವಣೆ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಜೋರಾಗಿದ್ದರೆ ಭ್ರೂಣವೇ ಉಳಿಯುವುದು ಕಷ್ಟ. ನೂನನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕುಳ್ಳು ದೇಹ, ಹೃದಯದ ಕವಾಟ ಕಿರಿದಾಗಿರುವುದು, ಮುಖದ ವಿಶಿಷ್ಟ ಚಹರೆ ಇರುತ್ತದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾರಣ ಪಿಟಿಪಿಎನ್11 ಎಂಬ ಜೀನ್. ಅದು 2001ರಲ್ಲಿ ಗೊತ್ತಾಯಿತು. ಕಾಸ್ಟೆಲೊ ಸಿಂಡ್ರೋಮಿಗೆ ಎಚ್-ರಾಸ್ ನೇರ ಕಾರಣ ಅಂತ 2005ರಲ್ಲಿ ತಿಳಿಯಿತು.

ಈ ಗುಂಪಿನಲ್ಲಿ ಹೆಚ್ಚು ಜನರಿಗೆ ಇರುವುದು ನ್ಯೂರೋಫೈಬ್ರೊಮಟೋಸಿಸ್ 1. ಸುಮಾರು 3000 ಹುಟ್ಟಿನಲ್ಲಿ ಒಂದು ಮಗುವಿಗೆ ಇದು ಇರುತ್ತದೆ. ಅರ್ಧದಷ್ಟು ಮಕ್ಕಳ ಅಪ್ಪ-ಅಮ್ಮನಿಗೆ ಈ ಕಾಯಿಲೆಯೇ ಇರುವುದಿಲ್ಲ, ಬದಲಾವಣೆ ಹೊಸದಾಗಿ ಆಗಿರುತ್ತದೆ. ಇಲ್ಲಿ ರಾಸ್ ಸರಿಯಾಗಿಯೇ ಇದೆ. ಕೆಟ್ಟಿರುವುದು ನ್ಯೂರೋಫೈಬ್ರೊಮಿನ್ ಎಂಬ ಒಂದು ಗ್ಯಾಪ್ ಪ್ರೋಟೀನ್. ಆಫ್ ಮಾಡಲು ಬರಬೇಕಾದವರೇ ಬರುವುದಿಲ್ಲ. ಚರ್ಮದ ಮೇಲೆ ತಿಳಿ ಕಂದು ಮಚ್ಚೆಗಳು, ನರಗಳ ಉದ್ದಕ್ಕೂ ಗಡ್ಡೆಗಳು ಬರುತ್ತವೆ. ಎಷ್ಟೋ ಮಕ್ಕಳಿಗೆ ಕಲಿಕೆಯ ತೊಂದರೆಯೂ ಇರುತ್ತದೆ.

ಗಡ್ಡೆಗೂ ಕಲಿಕೆಗೂ ಏನು ಸಂಬಂಧ? ನೆನಪು ಮೂಡುವಾಗ ನರಕೋಶಗಳ ನಡುವಿನ ಜೋಡಣೆಗಳು ಗಟ್ಟಿಯಾಗುತ್ತವೆ, ಸಡಿಲವಾಗುತ್ತವೆ. ಅಲ್ಲೂ ರಾಸ್ ಕೆಲಸ ಮಾಡುತ್ತದೆ. ಅಲ್ಲೂ ಅದು ಹೊತ್ತಿಗೆ ಸರಿಯಾಗಿ ಆರಬೇಕು. 2002ರಲ್ಲಿ ಈ ಕಾಯಿಲೆಯ ಇಲಿಗಳಲ್ಲಿ ರಾಸ್ ಚಟುವಟಿಕೆ ತಗ್ಗಿಸಿದಾಗ ಅವುಗಳ ಕಲಿಕೆ ಸುಧಾರಿಸಿತು. ಆಮೇಲೆ ಕೊಲೆಸ್ಟರಾಲ್ ಮಾತ್ರೆಯಾದ ಲೊವಾಸ್ಟಾಟಿನ್ ಕೊಟ್ಟಾಗಲೂ ಇಲಿಗಳಿಗೆ ಅನುಕೂಲವಾಯಿತು. ಎಲ್ಲರಿಗೂ ಖುಷಿಯಾಯಿತು. ಆದರೆ ಅದೇ ಜಾತಿಯ ಸಿಂವಾಸ್ಟಾಟಿನ್ ಅನ್ನು ಮಕ್ಕಳಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಕಲಿಕೆಗೆ ಅಂಥ ಪ್ರಯೋಜನ ಸಿಗಲಿಲ್ಲ. ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದೆ ಅಂತ ಬರೆಯುವ ಸುದ್ದಿಗಳನ್ನು ಸ್ವಲ್ಪ ತಡೆದು ಓದುವುದು ಒಳ್ಳೆಯದು. ಗಡ್ಡೆಗಳ ವಿಷಯದಲ್ಲಿ ಮಾತ್ರ ನಿಜವಾದ ಗೆಲುವು ಸಿಕ್ಕಿದೆ. ಆಪರೇಷನ್ ಮಾಡಲಾಗದ ದೊಡ್ಡ ನರದ ಗಡ್ಡೆಗಳಿರುವ ಮಕ್ಕಳಿಗೆ ಸೆಲುಮೆಟಿನಿಬ್ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ತಡೆಯುವುದು ಮೆಕ್ ಅನ್ನು. ಪ್ರಯೋಗದಲ್ಲಿದ್ದ ಮಕ್ಕಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಮಂದಿಗೆ ಗಡ್ಡೆಯ ಗಾತ್ರ 20% ಅಥವಾ ಅದಕ್ಕಿಂತ ಜಾಸ್ತಿ ಕುಗ್ಗಿತು.

ಮದ್ದಿಗೆ ಸಿಗದ ಪ್ರೋಟೀನ್

ಕ್ಯಾನ್ಸರಿನ ಹೊಸ ಕಾಲದ ಮಾತ್ರೆಗಳಲ್ಲಿ ಬಹಳಷ್ಟು ಕೈನೇಸ್ ಎಂಬ ಪ್ರೋಟೀನ್‌ಗಳನ್ನು ತಡೆಯುವಂಥವು. ಕೈನೇಸ್ ಏನೋ ಕೆಲಸ ಮಾಡುತ್ತಿರುತ್ತದೆ, ಅದಕ್ಕೆ ಎಟಿಪಿ ಎಂಬ ಅಣು ಬೇಕು. ಎಟಿಪಿ ಕೂರುವ ಜಾಗದಲ್ಲಿ ಔಷಧಿ ಹೋಗಿ ಕೂತರೆ ಕೆಲಸ ನಿಲ್ಲುತ್ತದೆ. ರಾಸ್ ವಿಷಯದಲ್ಲಿ ಇದು ಎರಡು ರೀತಿಯಲ್ಲಿ ಕಷ್ಟ. ಮೊದಲನೆಯದಾಗಿ, ರಾಸ್ ಜಿಟಿಪಿಯನ್ನು ಹಿಡಿಯುವ ಬಿಗಿ ಅಸಾಧ್ಯವಾದದ್ದು. ಕೈನೇಸ್ ಎಟಿಪಿಯನ್ನು ಹಿಡಿಯುವುದಕ್ಕಿಂತ ಲಕ್ಷಾಂತರ ಪಟ್ಟು ಬಿಗಿ. ಮೇಲಾಗಿ ಕೋಶದ ತುಂಬ ಜಿಟಿಪಿ ಇದೆ. ಔಷಧಿಗೆ ಸರದಿಯೇ ಬರುವುದಿಲ್ಲ. ಎರಡನೆಯದು ಇನ್ನೂ ಮೂಲದ್ದು. ಒಂದು ಕೆಲಸವನ್ನು ನಿಲ್ಲಿಸುವ ಮದ್ದು ಮಾಡಬಹುದು. ನಿಂತುಹೋದ ಕೆಲಸವನ್ನು ಮತ್ತೆ ಶುರು ಮಾಡಿಸುವ ಮದ್ದು ಮಾಡುವುದು ಹೇಗೆ? ಬದಲಾದ ರಾಸ್‌ನಲ್ಲಿ ನಿಂತುಹೋಗಿರುವುದು ಕತ್ತರಿಸುವ ಕೆಲಸ.

ಸುತ್ತುದಾರಿಗಳನ್ನು ಹುಡುಕಿದರು. 1990ರ ದಶಕದಲ್ಲಿ, ರಾಸ್ ಪೊರೆಯನ್ನು ಕಚ್ಚಿಕೊಳ್ಳುವ ಕೊಬ್ಬಿನ ಬಾಲವನ್ನೇ ತಪ್ಪಿಸೋಣ ಅಂದುಕೊಂಡರು. ಬಾಲ ಜೋಡಿಸುವ ಕಿಣ್ವವನ್ನು ತಡೆಯುವ ಔಷಧಿಗಳೂ ಬಂದವು. ಇಲಿಗಳಲ್ಲಿ ಎಚ್-ರಾಸ್ ಗಡ್ಡೆಗಳು ಕರಗಿದವು. ಮನುಷ್ಯರ ಕ್ಯಾನ್ಸರಿನಲ್ಲಿ ಹೆಚ್ಚು ಕಾಣುವ ಕೆ-ರಾಸ್ ಮಾತ್ರ, ಆ ಕಿಣ್ವ ಸಿಗದಿದ್ದರೆ ಇನ್ನೊಂದು ಕಿಣ್ವದಿಂದ ಬೇರೆ ಥರದ ಬಾಲ ಹಾಕಿಸಿಕೊಂಡು ಪಾರಾಯಿತು. ಆ ಔಷಧಿಗಳಲ್ಲಿ ಒಂದಾದ ಲೊನಾಫಾರ್ನಿಬ್‌ಗೆ ಕೊನೆಗೆ 2020ರಲ್ಲಿ ಅನುಮತಿ ಸಿಕ್ಕಿತು, ಆದರೆ ಮಕ್ಕಳಿಗೆ ಅಕಾಲ ಮುಪ್ಪು ತರುವ ಪ್ರೊಜೀರಿಯಾ ಕಾಯಿಲೆಗೆ. ಔಷಧಿಗಳ ಲೋಕದಲ್ಲಿ ಹೀಗೂ ಆಗುತ್ತದೆ.

ರಾಸ್‌ಗಿಂತ ಮೇಲೆ ತಡೆಯುವುದೂ ಪ್ರಯೋಜನಕ್ಕೆ ಬರಲಿಲ್ಲ. ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಎಂಬ ಔಷಧಿಗಳು ಇಜಿಎಫ್ ರಿಸೆಪ್ಟರನ್ನು ಮುಚ್ಚುತ್ತವೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಅವು ಒಳ್ಳೆಯ ಔಷಧಿಗಳೇ. ಆದರೆ ಕೆಳಗಡೆ ರಾಸ್ ಆನ್ ಆಗಿಯೇ ಕೂತಿದ್ದರೆ, ಮೇಲೆ ಬಾಯಿ ಮುಚ್ಚಿಸಿ ಏನು ಬಂತು? ಅದಕ್ಕೇ ಇವನ್ನು ಕೊಡುವ ಮುಂಚೆ ರಾಸ್ ಪರೀಕ್ಷೆ ಮಾಡುತ್ತಾರೆ. ಬದಲಾಗಿದ್ದರೆ ಇವನ್ನು ಒಂಟಿಯಾಗಿ ಕೊಡುವುದಿಲ್ಲ.

ಕೆಳಗೆ ತಡೆಯಲು ಹೋದಾಗ ಇನ್ನೊಂದು ವಿಚಿತ್ರ ಎದುರಾಯಿತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಕೊಡುವ ವೆಮುರಾಫೆನಿಬ್, ಬದಲಾದ ಬಿ-ರಾಫ್ ಅನ್ನು ತಡೆಯುತ್ತದೆ. ಅದನ್ನು ತೆಗೆದುಕೊಂಡವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಚರ್ಮದ ಮೇಲೆ ಬೇರೆಯೇ ಸಣ್ಣ ಕ್ಯಾನ್ಸರ್‌ಗಳು ಕಾಣಿಸಿಕೊಂಡವು. ಪರೀಕ್ಷಿಸಿದಾಗ ಬಹಳಷ್ಟರಲ್ಲಿ ರಾಸ್ ಬದಲಾಗಿತ್ತು. ರಾಸ್ ಆನ್ ಇರುವ ಕೋಶದಲ್ಲಿ ರಾಫ್‌ಗಳು ಜೋಡಿಯಾಗಿರುತ್ತವೆ. ಔಷಧಿ ಒಂದರ ಮೇಲೆ ಕೂತಾಗ ಜೋಡಿಯ ಇನ್ನೊಂದು ಇನ್ನಷ್ಟು ಚುರುಕಾಗುತ್ತದೆ. ಜೊತೆಗೆ ಮೆಕ್ ತಡೆಯುವ ಔಷಧಿಯನ್ನೂ ಸೇರಿಸಿದ ಮೇಲೆ ಈ ತೊಂದರೆ ಬಹಳ ಕಡಿಮೆಯಾಯಿತು.

2013ರಲ್ಲಿ ಕ್ಯಾಲಿಫೋರ್ನಿಯಾದ ಕೆವನ್ ಶೋಕಟ್ ಅವರ ತಂಡ ಬೇರೆ ಬಾಗಿಲು ಕಂಡುಕೊಂಡಿತು. ಜಿ12ಸಿಯಲ್ಲಿ ಬಂದಿರುವ ಸಿಸ್ಟೀನ್‌ಗೆ ಒಂದು ಗುಣವಿದೆ. ಸರಿಯಾದ ಅಣು ಹತ್ತಿರ ಬಂದರೆ ಅದರೊಂದಿಗೆ ಕಾಯಂ ಬೆಸೆದುಕೊಳ್ಳುತ್ತದೆ. ಆರೋಗ್ಯವಂತ ರಾಸ್‌ನ 12ನೇ ಜಾಗದಲ್ಲಿ ಸಿಸ್ಟೀನ್ ಇಲ್ಲ, ಹಾಗಾಗಿ ಅದಕ್ಕೆ ಅಪಾಯವಿಲ್ಲ. ಅಂಥ ಅಣುಗಳನ್ನು ಹುಡುಕುತ್ತಾ ಹೋದವರಿಗೆ ಸ್ವಿಚ್ 2ರ ಕೆಳಗೆ ಒಂದು ಸಂದು ಸಿಕ್ಕಿತು. ಅಲ್ಲಿಯವರೆಗಿನ ರಾಸ್ ಚಿತ್ರಗಳಲ್ಲಿ ಅದು ಕಂಡಿರಲೇ ಇಲ್ಲ. ಔಷಧಿ ಬಂದು ತಳ್ಳಿದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಆ ಅಣುಗಳು ಅಂಟಿಕೊಳ್ಳುವುದು ಆಫ್ ಆಗಿರುವ ರಾಸ್‌ಗೆ. ಯಾವಾಗಲೂ ಆನ್ ಇರುವ ಪ್ರೋಟೀನಿಗೆ ಇದರಿಂದ ಏನು ಪ್ರಯೋಜನ ಅಂತ ಮೊದಲು ಅನುಮಾನವಿತ್ತು. ಆದರೆ ಜಿ12ಸಿ ಗ್ಯಾಪ್ ಸಹಾಯವಿಲ್ಲದಿದ್ದರೂ ನಿಧಾನವಾಗಿ ತಾನೇ ಜಿಟಿಪಿ ಕತ್ತರಿಸಿ, ಆಗೀಗ ಆಫ್ ಆಗುತ್ತಿರುತ್ತದೆ. ಆ ಗಳಿಗೆಯಲ್ಲಿ ಔಷಧಿ ಅದನ್ನು ಹಿಡಿದು ಬೀಗ ಹಾಕುತ್ತದೆ. ಈ ದಾರಿಯಲ್ಲೇ ಸೊಟೊರಾಸಿಬ್‌ಗೆ 2021ರ ಮೇ ತಿಂಗಳಲ್ಲಿ, ಅಡಾಗ್ರಾಸಿಬ್‌ಗೆ 2022ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎರಡೂ ಮೊದಲು ಬಂದದ್ದು ಬೇರೆ ಚಿಕಿತ್ಸೆ ಆಗಿದ್ದ ಶ್ವಾಸಕೋಶದ ಕ್ಯಾನ್ಸರಿಗೆ.

ಇದನ್ನು ಪವಾಡ ಅಂತ ಬರೆದವರೂ ಇದ್ದಾರೆ. ಅಂಕಿಗಳು ಅಷ್ಟು ಉದಾರವಾಗಿಲ್ಲ. ಸೊಟೊರಾಸಿಬ್ ಪ್ರಯೋಗದಲ್ಲಿ ಸುಮಾರು 37% ರೋಗಿಗಳ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ರೋಗ ಮತ್ತೆ ಮುಂದುವರಿಯುವ ಮುಂಚೆ ಸಿಕ್ಕ ಸಮಯದ ಮಧ್ಯಮ ಅಂಕಿ 6.8 ತಿಂಗಳು. ಕ್ಯಾನ್ಸರ್ ಕೋಶ ರಾಸ್‌ನಲ್ಲಿ ಇನ್ನೊಂದು ಬದಲಾವಣೆ ಮಾಡಿಕೊಳ್ಳುತ್ತದೆ, ಇಲ್ಲವೇ ಬೇರೆ ರಿಸೆಪ್ಟರ್ ಹಿಡಿದು ಸುತ್ತಿ ಬರುತ್ತದೆ. ದೊಡ್ಡ ಕರುಳಿನಲ್ಲಿ ಈ ಔಷಧಿಗಳು ಒಂಟಿಯಾಗಿ ಅಷ್ಟು ಕೆಲಸ ಮಾಡಲಿಲ್ಲ. ರಾಸ್ ಮುಚ್ಚಿದಾಗ ಇಜಿಎಫ್ ರಿಸೆಪ್ಟರ್ ಕೂಡಲೇ ಜೋರಾಗುತ್ತದೆ. ಹಾಗಾಗಿ ಅಲ್ಲಿ ಎರಡನ್ನೂ ಒಟ್ಟಿಗೆ ಮುಚ್ಚುತ್ತಾರೆ. ರಾಸ್ ಬದಲಾಗಿದ್ದರೆ ಒಂಟಿಯಾಗಿ ಉಪಯೋಗಕ್ಕೆ ಬಾರದ ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್‌ಗಳು ಈಗ ಜಿ12ಸಿ ಔಷಧಿಗಳ ಜೊತೆಗಾರರಾಗಿ ವಾಪಸ್ ಬಂದಿವೆ.

ಮೇದೋಜ್ಜೀರಕ ಗ್ರಂಥಿಯಲ್ಲಿ ಹೆಚ್ಚಾಗಿ ಕಾಣುವುದು ಜಿ12ಡಿ ಮತ್ತು ಜಿ12ವಿ. ಅಲ್ಲಿ ಸಿಸ್ಟೀನ್ ಇಲ್ಲ, ಆ ಉಪಾಯ ನಡೆಯುವುದಿಲ್ಲ. ಅದಕ್ಕೆ ಇನ್ನೊಂದು ಬಗೆಯ ಅಣುಗಳನ್ನು ತಯಾರಿಸಿದ್ದಾರೆ. ಇವು ಮೊದಲು ಕೋಶದಲ್ಲಿ ಧಾರಾಳವಾಗಿರುವ ಸೈಕ್ಲೋಫಿಲಿನ್ ಎ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಆ ಜೋಡಿ ಹೋಗಿ ಆನ್ ಆಗಿರುವ ರಾಸ್ ಮೇಲೆ ಕೂತು, ರಾಫ್ ಹತ್ತಿರ ಬರದಂತೆ ಮಾಡುತ್ತದೆ. ರೋಗಿಗಳ ಮೇಲಿನ ಪ್ರಯೋಗದವರೆಗೆ ಬಂದ ಡಾರಾಕ್ಸಾನ್‌ರಾಸಿಬ್ ಈ ಜಾತಿಯದು. ಇವನ್ನು ರಾಸ್‌ಗೆ ಅಡ್ಡ ನಿಲ್ಲಲಿ ಅಂತ ಮಾಡಿದ್ದು. ಆದರೆ ಲ್ಯಾಬಿನಲ್ಲಿ ಸೂಕ್ಷ್ಮವಾಗಿ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಕೆಲವು ರೂಪಾಂತರಗಳಲ್ಲಿ, ಈ ಜೋಡಿ ಬಂದು ಕೂತ ಮೇಲೆ ರಾಸ್ ಜಿಟಿಪಿ ಕತ್ತರಿಸುವ ವೇಗವೂ ಜಾಸ್ತಿಯಾಗುತ್ತದೆ. ಗ್ಯಾಪ್ ಮಾಡಲಾಗದ ಕೆಲಸಕ್ಕೆ ಔಷಧಿ ಕೈ ಹಾಕಿದಂತಾಯಿತು.